ದೆವ್ವದ ಸಿನಿಮಾಕ್ಕೆ ಜನ ನಕ್ಕರು: ‘ಎಕ್ಸಾರ್ಸಿಸ್ಟ್’ ಎರಡನೆಯ ಭಾಗಕ್ಕೆ ಆದದ್ದೇನು?

ಹೆದರಬೇಕೆಂದು ದುಡ್ಡು ಕೊಟ್ಟು ಒಳಗೆ ಹೋದ ಜನ ಬಿದ್ದು ಬಿದ್ದು ನಗತೊಡಗಿದರೆ, ದೆವ್ವದ ಸಿನಿಮಾ ತೆಗೆದವರ ಪಾಲಿಗೆ ಅದಕ್ಕಿಂತ ದೊಡ್ಡ ಶಾಪ ಬೇಕಿಲ್ಲ. 1977ರ ಜೂನ್ 17ರಂದು ಅಮೆರಿಕದಲ್ಲಿ ‘ಎಕ್ಸಾರ್ಸಿಸ್ಟ್ 2: ದಿ ಹೆರೆಟಿಕ್’ ತೆರೆಕಂಡಾಗ ಆದದ್ದು ಇದೇ. ಮೂಲ ಕಾದಂಬರಿ ಬರೆದ ವಿಲಿಯಂ ಪೀಟರ್ ಬ್ಲಾಟಿ ತಾವೂ ಚಿತ್ರಮಂದಿರಕ್ಕೆ ಹೋಗಿ ಕುಳಿತಿದ್ದರು. ಅಲ್ಲಿ ಮೊದಲು ನಕ್ಕವನೇ ನಾನು, ಆಮೇಲೆ ಹಾಸ್ಯಚಿತ್ರ ನೋಡುತ್ತಿರುವವರಂತೆ ಎಲ್ಲರೂ ನಕ್ಕರು ಎಂದು ಅವರು ಮುಂದೆ ಹೇಳಿಕೊಂಡರು. ಮೊದಲ ಭಾಗದ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಅವರ ಬಳಿ ಇನ್ನೂ ರಂಗಿನ ಕಥೆ ಇತ್ತು. ಚಿತ್ರ ತೆಗೆದ ವಾರ್ನರ್ ಬ್ರದರ್ಸ್ ಸಂಸ್ಥೆಯ ಅಧಿಕಾರಿಗಳು ಒಂದು ಪ್ರದರ್ಶನಕ್ಕೆ ಹೋಗಿದ್ದರಂತೆ. ಹತ್ತು ನಿಮಿಷವಾಗುವಷ್ಟರಲ್ಲಿ ಒಬ್ಬ ಎದ್ದು ನಿಂತು, ಇದನ್ನು ಮಾಡಿದವರು ಇಲ್ಲೇ ಕುಳಿತಿದ್ದಾರೆ ಎಂದು ಕೂಗಿದನಂತೆ. ಜನ ಅವರನ್ನು ಬೀದಿಗೆ ಅಟ್ಟಿಸಿಕೊಂಡು ಹೋದರಂತೆ. ಫ್ರೀಡ್ಕಿನ್ ಕಥೆ ಹೇಳುವುದರಲ್ಲಿ ನಿಸ್ಸೀಮರು. ಆದ್ದರಿಂದ ಆ ‘ಅಂತೆ’ಗಳನ್ನು ಹಾಗೆಯೇ ಇಟ್ಟಿದ್ದೇನೆ.

ಕೆಟ್ಟ ಸಿನಿಮಾಗಳು ವರ್ಷಕ್ಕೆ ನೂರಾರು ಬರುತ್ತವೆ, ಹೋಗುತ್ತವೆ. ಅವುಗಳ ಬಗ್ಗೆ ಯಾರಿಗೂ ಇಷ್ಟು ಸಿಟ್ಟು ಬರುವುದಿಲ್ಲ. ಈ ಒಂದು ಸಿನಿಮಾದ ಮೇಲೆ ಅಷ್ಟೊಂದು ಸಿಟ್ಟು ಏಕೆ ಹುಟ್ಟಿತು, ಅದೇ ಹೊತ್ತಿನಲ್ಲಿ ಕೆಲವು ದೊಡ್ಡ ಮನಸ್ಸುಗಳು ಅದನ್ನು ಏಕೆ ಮೆಚ್ಚಿದವು ಎಂದು ಕೇಳಿಕೊಂಡರೆ, ಭಯದ ಸಿನಿಮಾದ ‘ಭಾಗ ಎರಡು’ ಎಂಬ ವ್ಯವಹಾರದ ಗುಟ್ಟೇ ಬಿಚ್ಚಿಕೊಳ್ಳುತ್ತದೆ.

ಮೊದಲ ಭಾಗದಿಂದಲೇ ಶುರು ಮಾಡಬೇಕು. ಬ್ಲಾಟಿ ಕಾದಂಬರಿ 1971ರಲ್ಲಿ ಬಂತು, ಫ್ರೀಡ್ಕಿನ್ ಸಿನಿಮಾ 1973ರ ಡಿಸೆಂಬರ್ 26ರಂದು. ವಾಷಿಂಗ್ಟನ್‌ನ ಜಾರ್ಜ್‌ಟೌನ್ ಬಡಾವಣೆಯಲ್ಲಿ ತಾಯಿಯೊಂದಿಗೆ ಇರುವ ರೀಗನ್ ಎಂಬ ಹನ್ನೆರಡರ ಹುಡುಗಿಯೊಳಗೆ ಪಿಶಾಚಿ ಸೇರುತ್ತದೆ. ವೈದ್ಯರು ಕೈಚೆಲ್ಲುತ್ತಾರೆ. ವಯಸ್ಸಾದ ಪಾದ್ರಿ ಮೆರಿನ್ ಮತ್ತು ನಂಬಿಕೆ ಸಡಿಲವಾಗಿರುವ ಕಿರಿಯ ಪಾದ್ರಿ ಕ್ಯಾರಸ್ ದೆವ್ವ ಬಿಡಿಸುವ ವಿಧಿಗೆ ಕೂರುತ್ತಾರೆ, ಇಬ್ಬರೂ ಪ್ರಾಣ ತೆರುತ್ತಾರೆ, ಹುಡುಗಿ ಉಳಿಯುತ್ತಾಳೆ. ಕಥೆ ಇಷ್ಟೇ. ಚಿತ್ರಮಂದಿರದ ಮುಂದೆ ಚಳಿಯಲ್ಲಿ ಸಾಲುಗಟ್ಟಿ ನಿಂತ ಜನರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಹತ್ತು ಆಸ್ಕರ್ ನಾಮನಿರ್ದೇಶನಗಳು ಸಿಕ್ಕವು, ಎರಡು ಪ್ರಶಸ್ತಿಗಳು ಬಂದವು. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಒಂದು ಭಯದ ಸಿನಿಮಾ ಕಾಣಿಸಿಕೊಂಡದ್ದು ಅದೇ ಮೊದಲು.

ಇಂಥ ಹಾಲು ಕೊಡುವ ಹಸುವನ್ನು ಯಾವ ಸಂಸ್ಥೆಯೂ ಸುಮ್ಮನೆ ಕಟ್ಟಿಹಾಕುವುದಿಲ್ಲ. ಆದರೆ ಬ್ಲಾಟಿ ಒಲ್ಲೆನೆಂದರು, ಫ್ರೀಡ್ಕಿನ್ ಒಲ್ಲೆನೆಂದರು, ತಾಯಿಯ ಪಾತ್ರ ಮಾಡಿದ ಎಲೆನ್ ಬರ್ಸ್ಟಿನ್ ಒಲ್ಲೆನೆಂದರು. ಪತ್ತೇದಾರ ಕಿಂಡರ್‌ಮನ್ ಪಾತ್ರಧಾರಿ ಲೀ ಜೆ. ಕಾಬ್ 1976ರಲ್ಲಿ ತೀರಿಕೊಂಡರು. ಹಾಗಾದರೆ ಉಳಿದದ್ದೇನು? ಸಹನಿರ್ಮಾಪಕ ರಿಚರ್ಡ್ ಲೆಡರರ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ ಮೊದಲ ಯೋಜನೆ ಹೀಗಿತ್ತು: ಒಬ್ಬ ಪಾದ್ರಿ ಹಳೆಯ ಘಟನೆಯ ಬಗ್ಗೆ ತನಿಖೆ ನಡೆಸುತ್ತಾನೆ, ಒಬ್ಬೊಬ್ಬರನ್ನೂ ಮಾತಾಡಿಸುತ್ತಾನೆ, ನಡುನಡುವೆ ಮೊದಲ ಚಿತ್ರದಲ್ಲಿ ಬಳಸದೆ ಬಿಟ್ಟ ತುಣುಕುಗಳನ್ನು ತೋರಿಸುವುದು. ಖರ್ಚು ಸುಮಾರು 30 ಲಕ್ಷ ಡಾಲರ್. ನಿನ್ನೆಯ ಅನ್ನಕ್ಕೆ ಇವತ್ತು ಒಗ್ಗರಣೆ ಹಾಕುವ ಲೆಕ್ಕಾಚಾರ. ಅದು ಸಿನಿಕತನದ ಯೋಜನೆ ಎಂದು ಲೆಡರರ್ ತಾವೇ ಹೇಳಿದ್ದಾರೆ.

ಆ ಸಿನಿಕತನದ ಯೋಜನೆಯನ್ನೇ ಮಾಡಿಬಿಟ್ಟಿದ್ದರೆ ಸಿನಿಮಾ ಸಾಧಾರಣವಾಗಿ ಓಡಿ, ಸಾಧಾರಣವಾಗಿ ಮರೆತುಹೋಗುತ್ತಿತ್ತು ಎಂದು ನನ್ನ ಅಂದಾಜು. ಹಾಗಾಗಲಿಲ್ಲ, ಏಕೆಂದರೆ ಇಬ್ಬರು ಮಹತ್ವಾಕಾಂಕ್ಷಿಗಳು ಒಳಗೆ ಬಂದರು. ಮೊದಲನೆಯವರು ನಾಟಕಕಾರ ವಿಲಿಯಂ ಗುಡ್‌ಹಾರ್ಟ್. ಅವರು ಬರೆದ ಚಿತ್ರಕಥೆಯ ಬೇರು ಇದ್ದದ್ದು ಫ್ರಾನ್ಸಿನ ಜೆಸ್ಯುಯಿಟ್ ಪಾದ್ರಿ, ಪಳೆಯುಳಿಕೆ ವಿಜ್ಞಾನಿ ಪಿಯರ್ ಟೇಲ್ಯಾರ್ ದ ಶಾರ್ದಾನ್ ಅವರ ಚಿಂತನೆಯಲ್ಲಿ. ಜೀವವಿಕಾಸ ದೇಹದ ಮಟ್ಟದಲ್ಲಿ ನಿಂತಿಲ್ಲ, ಮನುಷ್ಯರ ಮನಸ್ಸುಗಳು ನಿಧಾನವಾಗಿ ಒಂದರೊಡನೊಂದು ಹೆಣೆದುಕೊಂಡು ಒಂದೇ ಪ್ರಜ್ಞೆಯ ಕಡೆಗೆ ಸಾಗುತ್ತಿವೆ ಎಂಬುದು ಟೇಲ್ಯಾರ್ ವಾದದ ತಿರುಳು. ವ್ಯಾಟಿಕನ್‌ಗೆ ಇದು ಇರಿಸುಮುರಿಸು. 1962ರಲ್ಲಿ ಅವರ ಬರಹಗಳ ವಿಷಯದಲ್ಲಿ ಎಚ್ಚರವಿರಲಿ ಎಂದು ಅಧಿಕೃತ ಸೂಚನೆಯನ್ನೇ ಹೊರಡಿಸಿತ್ತು. ಬ್ಲಾಟಿ ಕಾದಂಬರಿಯ ಮೆರಿನ್ ಪಾತ್ರಕ್ಕೂ ಟೇಲ್ಯಾರ್ ಒಂದು ಪ್ರೇರಣೆ. ಎರಡನೆಯ ಭಾಗದ ಹೆಸರಿನಲ್ಲಿರುವ ‘ಹೆರೆಟಿಕ್’, ಅಂದರೆ ಧರ್ಮಕ್ಕೆ ಹೊರತಾದವನು, ಪಿಶಾಚಿಯೂ ಅಲ್ಲ, ಹುಡುಗಿಯೂ ಅಲ್ಲ. ಸತ್ತ ಮೇಲೆ ಸಂಶಯಕ್ಕೆ ಒಳಗಾದ ಮೆರಿನ್.

ಎರಡನೆಯವರು ನಿರ್ದೇಶಕ ಜಾನ್ ಬೂರ್ಮನ್. 1972ರ ‘ಡೆಲಿವರೆನ್ಸ್’ನಿಂದ ದೊಡ್ಡ ಹೆಸರು ಮಾಡಿದ್ದ ಈ ಬ್ರಿಟಿಷ್ ನಿರ್ದೇಶಕರ ಮುಂದೆ ವಾರ್ನರ್ ಸಂಸ್ಥೆ ಮೊದಲ ‘ಎಕ್ಸಾರ್ಸಿಸ್ಟ್’ ಅನ್ನೂ ಇಟ್ಟಿತ್ತು. ಹೆಣ್ಣುಮಕ್ಕಳ ತಂದೆಯಾದ ತಾನು ಒಂದು ಮಗುವನ್ನು ಹಿಂಸಿಸುವ ಕಥೆಯನ್ನು ಮಾಡುವುದಿರಲಿ, ನೋಡಲೂ ಬಯಸುವುದಿಲ್ಲ ಎಂದು ಅವರು ಆಗ ನಿರಾಕರಿಸಿದ್ದರು. ಅಂದರೆ ಮೊದಲ ಭಾಗದ ಮೇಲೆ ಅಸಹ್ಯವಿದ್ದವರ ಕೈಗೇ ಎರಡನೆಯ ಭಾಗ ಹೋಯಿತು! ಮುಂದಿನ ಕಥೆಯೆಲ್ಲ ಈ ಒಂದು ಸಂಗತಿಯಿಂದ ಹರಿದು ಬಂದದ್ದು. ಮೊದಲ ಚಿತ್ರದ ಕತ್ತಲಿಗೆ, ಕುರೂಪಕ್ಕೆ ಉತ್ತರವಾಗಿ ತಾವು ಒಳಿತಿನ ಬಗ್ಗೆ ಒಂದು ಸಿನಿಮಾ ಮಾಡಹೊರಟಿದ್ದಾಗಿ ಬೂರ್ಮನ್ ಹೇಳುತ್ತಿದ್ದರು. ಗುಡ್‌ಹಾರ್ಟ್ ಬರೆದದ್ದನ್ನು ತಮ್ಮ ಸಹವರ್ತಿ ರಾಸ್ಪೊ ಪ್ಯಾಲೆನ್‌ಬರ್ಗ್ ಜೊತೆ ಕೂತು ಮತ್ತೆ ಮತ್ತೆ ತಿದ್ದಿದರು. 30 ಲಕ್ಷದ ಒಗ್ಗರಣೆ 1 ಕೋಟಿ 40 ಲಕ್ಷ ಡಾಲರಿನ ಔತಣವಾಯಿತು.

ಔತಣಕ್ಕೆ ಬಂದವರನ್ನು ನೋಡಿ. ತನಿಖೆಗೆ ಹೊರಟ ಪಾದ್ರಿ ಲಾಮಂಟ್ ಪಾತ್ರಕ್ಕೆ ರಿಚರ್ಡ್ ಬರ್ಟನ್. ಮನೋವೈದ್ಯೆಯ ಪಾತ್ರಕ್ಕೆ, ಆಗಷ್ಟೇ ಅತ್ಯುತ್ತಮ ನಟಿಯ ಆಸ್ಕರ್ ಗೆದ್ದಿದ್ದ ಲೂಯಿಸ್ ಫ್ಲೆಚರ್. ಸಂಗೀತ ಎನ್ನಿಯೊ ಮೊರಿಕೋನೆ, ಛಾಯಾಗ್ರಹಣ ವಿಲಿಯಂ ಫ್ರೇಕರ್. ಆಫ್ರಿಕಾದ ಕೊಕುಮೊ ಪಾತ್ರದಲ್ಲಿ ಜೇಮ್ಸ್ ಅರ್ಲ್ ಜೋನ್ಸ್. ಅದೇ ಬೇಸಿಗೆಯಲ್ಲಿ ‘ಸ್ಟಾರ್ ವಾರ್ಸ್’ನ ಕಪ್ಪು ಮುಖವಾಡದ ಖಳನ ಹಿಂದೆ ಇದ್ದದ್ದೂ ಇವರದೇ ದನಿ. ಮೆರಿನ್ ಆಗಿ ಮತ್ತೆ ಮ್ಯಾಕ್ಸ್ ವಾನ್ ಸಿಡೋ. ಮೊದಲ ಚಿತ್ರದಲ್ಲಿ ನಲವತ್ತರ ಆಸುಪಾಸಿನ ಸಿಡೋ ಅವರಿಗೆ ಗಂಟೆಗಟ್ಟಲೆ ಬಣ್ಣ ಹಚ್ಚಿ ಮುದುಕನನ್ನಾಗಿ ಮಾಡಿದ್ದರು. ಎರಡನೆಯದರಲ್ಲಿ ಮೆರಿನ್‌ನ ಹಳೆಯ ದಿನಗಳ ಕಥೆ ಇರುವುದರಿಂದ ಅವರು ತಮ್ಮ ನಿಜವಾದ ವಯಸ್ಸಿಗೆ ಹತ್ತಿರವಾಗಿ ಕಾಣುತ್ತಾರೆ. ಮುಂದಿನ ಭಾಗದಲ್ಲಿ ನಟ ಕಿರಿಯನಾಗಿ ಕಾಣುವುದು ಸಿನಿಮಾದಲ್ಲಷ್ಟೇ ಸಾಧ್ಯವಾದ ವಿಚಿತ್ರ.

ರೀಗನ್ ಪಾತ್ರಕ್ಕೆ ಲಿಂಡಾ ಬ್ಲೇರ್ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಪಿಶಾಚಿಯ ಬಣ್ಣ ಹಚ್ಚಿಕೊಳ್ಳುವುದಿಲ್ಲ. ಮೊದಲ ಚಿತ್ರದ ಮಂಚದ ದೃಶ್ಯಗಳಲ್ಲಿ ಆ ಹುಡುಗಿಯ ಬೆನ್ನಿಗೆ ಪೆಟ್ಟಾಗಿತ್ತು. ಮುಖಕ್ಕೆ ಗಂಟೆಗಟ್ಟಲೆ ಮೆತ್ತಿಸಿಕೊಂಡ ಬಣ್ಣದ ಕಾಟ ಬೇರೆ. ಆದ್ದರಿಂದ ಎರಡನೆಯ ಭಾಗದಲ್ಲಿ ವಿಕಾರ ಮುಖ ಕಾಣುವ ಕಡೆಗಳಲ್ಲಿ ಬೇರೊಬ್ಬರು ನಿಂತಿದ್ದಾರೆ. ತಾನು ಒಪ್ಪಿಕೊಂಡಾಗ ಚಿತ್ರಕಥೆ ಚೆನ್ನಾಗಿತ್ತು, ಆಮೇಲೆ ತಿದ್ದಿ ತಿದ್ದಿ ಗುರುತೇ ಸಿಗದಂತಾಯಿತು ಎಂದು ಬ್ಲೇರ್ ಆಮೇಲೆ ಗೊಣಗಿದ್ದಾರೆ. ಮೂಲ ಹಿಂಸೆಯಿಂದ ಹುಡುಗಿಯನ್ನು ಕಾಪಾಡಬೇಕೆಂದು ನಿರ್ದೇಶಕರಿಗೆ, ಮೂಲ ಬಣ್ಣದಿಂದ ತನ್ನನ್ನು ಕಾಪಾಡಿಕೊಳ್ಳಬೇಕೆಂದು ನಟಿಗೆ. ಇಬ್ಬರದೂ ನ್ಯಾಯವಾದ ಬಯಕೆಯೇ. ಆದರೆ ಜನ ದುಡ್ಡು ಕೊಟ್ಟದ್ದು ಆ ವಿಕಾರವನ್ನು ನೋಡಲು.

ಚಿತ್ರೀಕರಣದ ಕಥೆ ಸಿನಿಮಾಕ್ಕಿಂತ ಭಯಂಕರ. ಇಥಿಯೋಪಿಯಾದ ಬಂಡೆ ಕೊರೆದ ಚರ್ಚುಗಳು, ಆಫ್ರಿಕಾದ ಹಳ್ಳಿ, ಜಾರ್ಜ್‌ಟೌನ್‌ನ ಮನೆ, ಅದರ ಪಕ್ಕದ ಪ್ರಸಿದ್ಧ ಮೆಟ್ಟಿಲು, ಎಲ್ಲವನ್ನೂ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ಸ್ಟುಡಿಯೊದಲ್ಲಿ ಕಟ್ಟಿದರು. ಇಂಗ್ಲೆಂಡಿನಿಂದ ಸುಮಾರು 2,500 ಮಿಡತೆಗಳನ್ನು ತರಿಸಿದರು. ಅವು ದಿನಕ್ಕೆ ನೂರರ ಲೆಕ್ಕದಲ್ಲಿ ಸಾಯತೊಡಗಿದವು. ಆಮೇಲೆ ಬೂರ್ಮನ್ ಮಲಗಿಬಿಟ್ಟರು. ಅವರಿಗೆ ತಗುಲಿದ್ದು ಕ್ಯಾಲಿಫೋರ್ನಿಯಾದ ಒಣಮಣ್ಣಿನಲ್ಲಿರುವ ಒಂದು ಶಿಲೀಂಧ್ರದಿಂದ ಬರುವ, ‘ಸಾನ್ ವಾಕೀನ್ ಕಣಿವೆ ಜ್ವರ’ ಎಂದು ಕರೆಯುವ ಶ್ವಾಸಕೋಶದ ಸೋಂಕು. ಧೂಳಿನೊಡನೆ ಅದರ ಬೀಜಕಣಗಳು ಉಸಿರಿಗೆ ಸೇರಿದರೆ ಸಾಕು. ಐದು ವಾರ ಕೆಲಸ ನಿಂತಿತು. ಮೊದಲ ‘ಎಕ್ಸಾರ್ಸಿಸ್ಟ್’ನ ಸೆಟ್ಟಿಗೂ ಬೆಂಕಿ ಬಿದ್ದು, ಅದಕ್ಕೆ ಶಾಪದ ಕಥೆಗಳು ಅಂಟಿಕೊಂಡಿದ್ದವು. ಎರಡನೆಯದಕ್ಕೂ ಅದೇ ಮಾತು ಹಬ್ಬಿತು. ಶಿಲೀಂಧ್ರಕ್ಕೆ ಪಿಶಾಚಿಯ ಹಂಗು ಬೇಕಿಲ್ಲ, ಆದರೆ ಪ್ರಚಾರದವರಿಗೆ ಬೇಕು.

ಈಗ ಸಿನಿಮಾದ ಒಳಗೆ ಹೋಗೋಣ. ನಾಲ್ಕು ವರ್ಷ ಕಳೆದಿದೆ. ರೀಗನ್ ನ್ಯೂಯಾರ್ಕ್‌ನಲ್ಲಿದ್ದಾಳೆ, ಶಾಲೆಯಲ್ಲಿ ಟ್ಯಾಪ್ ನೃತ್ಯ ಮಾಡುತ್ತಾಳೆ, ಹಳೆಯದೇನೂ ನೆನಪಿಲ್ಲ ಎನ್ನುತ್ತಾಳೆ. ಮನೋವೈದ್ಯೆಯ ಬಳಿ ‘ಸಿಂಕ್ರೊನೈಸರ್’ ಎಂಬ ಯಂತ್ರವಿದೆ. ಹಣೆಗೆ ಪಟ್ಟಿ ಕಟ್ಟಿಕೊಂಡ ಇಬ್ಬರು ಎದುರುಬದುರು ಕೂತು ಮಿಣುಕುವ ದೀಪವನ್ನು ನೋಡುತ್ತ ಒಂದೇ ಸಂಮೋಹನಕ್ಕೆ ಇಳಿಯುತ್ತಾರೆ. ಒಬ್ಬರ ನೆನಪಿನೊಳಗೆ ಇನ್ನೊಬ್ಬರು ಕಾಲಿಡಬಹುದು. ಟೇಲ್ಯಾರ್ ಹೇಳಿದ ಮನಸ್ಸುಗಳ ಹೆಣಿಗೆಯನ್ನು ಸಿನಿಮಾ ಒಂದು ಮಿಣುಕುದೀಪಕ್ಕೆ ಇಳಿಸಿದೆ. ಕಾಗದದ ಮೇಲೆ ಇದು ಚೆಲುವಾದ ಕಲ್ಪನೆ. ತೆರೆಯ ಮೇಲೆ, ಷೇಕ್ಸ್‌ಪಿಯರ್ ಮಾತುಗಳಿಗೆ ಹದವಾದ ಬರ್ಟನ್ ದನಿ ಆ ದೀಪದ ಮುಂದೆ ಗಂಭೀರವಾಗಿ ಮೊಳಗಿದಾಗ ಮೊದಲ ನಗು ಹೊರಡುತ್ತದೆ. ಅದೇ ವರ್ಷದ ಬೇರೊಂದು ಚಿತ್ರಕ್ಕಾಗಿ ಇದೇ ಬರ್ಟನ್ ಆಸ್ಕರ್ ನಾಮನಿರ್ದೇಶನ ಪಡೆದರು ಎಂಬುದನ್ನು ನೆನಪಿಟ್ಟರೆ, ತಪ್ಪು ನಟನದೋ ಮಾತಿನದೋ ಎಂದು ತೂಗಿ ನೋಡಬಹುದು.

ಪಾದ್ರಿ ಲಾಮಂಟ್ ಆ ನೆನಪಿನ ದಾರಿ ಹಿಡಿದು ಆಫ್ರಿಕಾಕ್ಕೆ ಹೋಗುತ್ತಾನೆ. ಮೆರಿನ್ ಹಿಂದೆ ಅಲ್ಲಿ ಕೊಕುಮೊ ಎಂಬ ಹುಡುಗನ ದೆವ್ವ ಬಿಡಿಸಿದ್ದ. ದೊಡ್ಡವನಾದ ಕೊಕುಮೊ ಈಗ ಮಿಡತೆಗಳನ್ನು ಅಧ್ಯಯನ ಮಾಡುವ ವಿಜ್ಞಾನಿ. ಒಂಟಿಯಾಗಿದ್ದಾಗ ಮಿಡತೆ ನಿರುಪದ್ರವಿ, ರೆಕ್ಕೆಗೆ ರೆಕ್ಕೆ ತಾಗಿದರೆ ಕೆರಳಿ ದಂಡು ಸೇರುತ್ತದೆ ಎಂದು ಅವನು ವಿವರಿಸುತ್ತಾನೆ. ರೆಕ್ಕೆಯ ತಾಗುವಿಕೆಗೆ ಬಗ್ಗದ ಒಂದು ‘ಒಳ್ಳೆಯ ಮಿಡತೆ’ಯನ್ನು ಬೆಳೆಸಿದರೆ ಇಡೀ ದಂಡನ್ನೇ ಶಾಂತಗೊಳಿಸಬಹುದು ಎಂಬುದು ಅವನ ಪ್ರಯೋಗ. ರೀಗನ್ ಮನುಷ್ಯರ ನಡುವಿನ ಅಂಥ ಒಳ್ಳೆಯ ಮಿಡತೆ; ಅದಕ್ಕೇ ಪಜುಜು ಎಂಬ ಗಾಳಿಯ ಪಿಶಾಚಿಗೆ ಅವಳ ಮೇಲೆ ಕಣ್ಣು. ನಗಬೇಡಿ, ವಿಜ್ಞಾನ ಅಷ್ಟೇನೂ ದೂರವಿಲ್ಲ. ಮರುಭೂಮಿ ಮಿಡತೆಗಳಲ್ಲಿ ಒಂಟಿ ಸ್ವಭಾವ, ಗುಂಪಿನ ಸ್ವಭಾವ ಎಂದು ಎರಡು ಅವಸ್ಥೆಗಳಿರುವುದು ನಿಜ. ಹಿಂಗಾಲಿಗೆ ಪದೇ ಪದೇ ಏನಾದರೂ ತಾಗುತ್ತಿದ್ದರೆ ಕೆಲವೇ ಗಂಟೆಗಳಲ್ಲಿ ಅವು ಗುಂಪಿನ ಕಡೆಗೆ ವಾಲುತ್ತವೆ, ಇದರ ಹಿಂದೆ ಸೆರೊಟೋನಿನ್ ಎಂಬ ರಾಸಾಯನಿಕದ ಕೈವಾಡವಿದೆ ಎಂದು ಸಿನಿಮಾ ಬಂದು ಮೂವತ್ತು ವರ್ಷಗಳ ಮೇಲೆ ವಿಜ್ಞಾನಿಗಳು ತೋರಿಸಿಕೊಟ್ಟರು. ಬೂರ್ಮನ್ ತಂಡ ರೆಕ್ಕೆ ಎಂದದ್ದು ಕಾಲಾಗಿತ್ತು, ಅಷ್ಟೇ.

ಹಾಗಾದರೆ ಎಡವಿದ್ದೆಲ್ಲಿ? ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ವಿನ್ಸೆಂಟ್ ಕ್ಯಾನ್ಬಿ ಗಾಯದ ಮೇಲೇ ಬೆರಳಿಟ್ಟರು: ಅಷ್ಟು ಗೆದ್ದ ಚಿತ್ರಕ್ಕೆ ಮುಂದುವರಿದ ಭಾಗ ಬಂದೇ ಬರುತ್ತದೆ, ಆದರೆ ಮೊದಲ ಸಲದ ದೆವ್ವ ಬಿಡಿಸುವಿಕೆ ಅಷ್ಟೇನೂ ಸಾರ್ಥಕವಾಗಲಿಲ್ಲ ಎಂದು ಹೇಳುವುದಕ್ಕೇ ಈ ಪಾಡೇ ಎಂಬ ಧಾಟಿಯಲ್ಲಿ ಕೇಳಿದರು. ಮೊದಲ ಚಿತ್ರದ ಕೊನೆಯಲ್ಲಿ ಕ್ಯಾರಸ್ ಪಿಶಾಚಿಯನ್ನು ತನ್ನ ಮೈಗೆ ಕರೆದುಕೊಂಡು ಕಿಟಕಿಯಿಂದ ಹಾರುತ್ತಾನೆ. ಪ್ರೇಕ್ಷಕ ಆ ಬಲಿದಾನವನ್ನು ಎದೆಯಲ್ಲಿ ಇಟ್ಟುಕೊಂಡು ಮನೆಗೆ ಹೋಗಿರುತ್ತಾನೆ. ಎರಡನೆಯ ಭಾಗದಲ್ಲಿ ಕ್ಯಾರಸ್ ಬಹುತೇಕ ಮಾಯ, ಪಿಶಾಚಿ ರೀಗನ್‌ಳನ್ನು ಬಿಟ್ಟೇ ಇಲ್ಲ. ಕಥೆ ಮುಂದುವರಿಯಬೇಕೆಂದರೆ ಮುಗಿದದ್ದು ಮುಗಿದಿಲ್ಲ ಎನ್ನಲೇಬೇಕು. ಹಾಗೆ ಅಂದಕೂಡಲೇ ಮೊದಲ ಭಾಗದಲ್ಲಿ ಸುರಿಸಿದ ಕಣ್ಣೀರಿಗೆ ಬೆಲೆಯಿಲ್ಲದಾಗುತ್ತದೆ. ಹಾಸ್ಯಚಿತ್ರದ ಎರಡನೆಯ ಭಾಗಕ್ಕೆ, ಸಾಹಸಚಿತ್ರದ ಎರಡನೆಯ ಭಾಗಕ್ಕೆ ಈ ಇಕ್ಕಟ್ಟು ಇಷ್ಟು ಬಿಗಿಯಾಗಿ ಇರುವುದಿಲ್ಲ. ನಾಯಕನಿಗೆ ಹೊಸ ಖಳನೊಬ್ಬ ಸಿಕ್ಕರಾಯಿತು. ಭಯದ ಕಥೆಯಲ್ಲಿ ಮತ್ತೆ ಎದ್ದು ಬರಬೇಕಾದವನೇ ಖಳ.

ಭಯಕ್ಕೆ ಇನ್ನೊಂದು ತೊಡಕೂ ಉಂಟು: ಅದು ಒಮ್ಮೆ ಉರಿದು ಮುಗಿಯುವ ಕರ್ಪೂರ. ರೀಗನ್ ತಲೆ ಹಿಂದಕ್ಕೆ ತಿರುಗಿದ್ದನ್ನು ಒಂದು ಸಲ ನೋಡಿ ಬೆಚ್ಚಿದವನು ಎರಡನೆಯ ಸಲ ಬೆಚ್ಚುವುದಿಲ್ಲ. ಅದನ್ನೇ ಮತ್ತೆ ತೋರಿಸಿದರೆ ಸಪ್ಪೆ, ತೋರಿಸದಿದ್ದರೆ ಮೋಸ. ಬೂರ್ಮನ್ ತೋರಿಸದಿರುವ ದಾರಿ ಹಿಡಿದರು, ಜನ ಮೋಸ ಎಂದರು. ಪ್ರೇಕ್ಷಕ ಎಂಬ ಕಾಡುಮೃಗಕ್ಕೆ ರೋಮನ್ನರ ಅಖಾಡವನ್ನೇನೋ ಕಟ್ಟಿಕೊಟ್ಟೆ, ಆದರೆ ಒಳಗೆ ಬೇಕಾದಷ್ಟು ಕ್ರೈಸ್ತರನ್ನು ಎಸೆಯಲಿಲ್ಲ ಎಂದು ಅವರೇ ಆಮೇಲೆ ಕಹಿನಗೆಯಲ್ಲಿ ಹೇಳಿದರು.

ಶಿಕಾಗೋದ ವಿಮರ್ಶಕ ಜೀನ್ ಸಿಸ್ಕೆಲ್ ಒಂದೇ ಒಂದು ನಕ್ಷತ್ರವನ್ನೂ ಕೊಡಲಿಲ್ಲ. ಸುಮಾರು ಎಂಟು ವರ್ಷಗಳ ತಮ್ಮ ವೃತ್ತಿಯಲ್ಲಿ ಕಂಡ ದೊಡ್ಡ ಸಂಸ್ಥೆಗಳ ಚಿತ್ರಗಳಲ್ಲೆಲ್ಲ ಇದೇ ಅತಿ ಕೆಟ್ಟದ್ದು ಎಂದರು. ಕೆಲವು ವರ್ಷಗಳ ಮೇಲೆ ‘ಗೋಲ್ಡನ್ ಟರ್ಕಿ’ ಎಂಬ ಲೇವಡಿ ಪ್ರಶಸ್ತಿಗಳ ಪುಸ್ತಕದಲ್ಲಿ, ಸಾರ್ವಕಾಲಿಕ ಕೆಟ್ಟ ಚಿತ್ರಗಳ ಸಾಲಿನಲ್ಲಿ ಇದಕ್ಕೆ ಎರಡನೆಯ ಸ್ಥಾನ ಸಿಕ್ಕಿತು. ಬ್ರಿಟನ್ನಿನ ವಿಮರ್ಶಕ ಮಾರ್ಕ್ ಕರ್ಮೋಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಜಗತ್ತಿನ ಅತ್ಯುತ್ತಮ ಚಿತ್ರ ‘ದಿ ಎಕ್ಸಾರ್ಸಿಸ್ಟ್’, ಅತ್ಯಂತ ಕೆಟ್ಟ ಚಿತ್ರ ಅದರ ಎರಡನೆಯ ಭಾಗ ಎಂಬುದು ಅವರು ದಶಕಗಳಿಂದ ಹೇಳುತ್ತ ಬಂದಿರುವ ಮಾತು.

ಆದರೆ ನ್ಯೂಯಾರ್ಕರ್ ಪತ್ರಿಕೆಯ ಪಾಲೀನ್ ಕೇಲ್ ಸಾಲು ಮುರಿದರು. ಮೊದಲ ಚಿತ್ರವನ್ನು ಕಟುವಾಗಿ ಟೀಕಿಸಿದ್ದ ಅವರಿಗೆ ಎರಡನೆಯದರಲ್ಲಿ ಹುಚ್ಚು ಭವ್ಯತೆಯೊಂದು ಕಂಡಿತು. ಒಂದು ಡಜನ್ ಒಳ್ಳೆಯ ಚಿತ್ರಗಳಿಗೆ ಸಾಲುವಷ್ಟು ದೃಶ್ಯಮಾಯೆ ಇಲ್ಲಿದೆ, ಇಲ್ಲದಿರುವುದು ವಿವೇಕ ಎಂದು ಅವರು ಬರೆದರು. ಇಡೀ ಚಿತ್ರದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಓದಿಲ್ಲ. ಮಿಡತೆಯ ಬೆನ್ನೇರಿ ಆಫ್ರಿಕಾದ ಮೇಲೆ ಹಾರುವ ದೃಶ್ಯಗಳನ್ನು ಮೊರಿಕೋನೆ ಸಂಗೀತದೊಂದಿಗೆ ನೋಡಿ. ಆಮೇಲೆ ಅದರ ಮುಂದಿನ ಸಂಭಾಷಣೆ ಕೇಳಿ. ಎರಡನ್ನೂ ಒಂದೇ ತಂಡ ಮಾಡಿತೆಂದು ನಂಬಲಾಗುವುದಿಲ್ಲ.

ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರದು ಇನ್ನೂ ಬೇರೆ ನೋಟ. 1978ರಲ್ಲಿ ‘ಫಿಲ್ಮ್ ಕಾಮೆಂಟ್’ ಪತ್ರಿಕೆಯಲ್ಲಿ, ಒಪ್ಪಿಕೊಳ್ಳಲು ಮುಜುಗರವಾದರೂ ತಮಗೆ ಇಷ್ಟವಾದ ಚಿತ್ರಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದರು. ಅತಿಯಾದ ಒಳ್ಳೆಯತನ ತನ್ನ ಮೇಲೆ ಅತಿಯಾದ ಕೇಡನ್ನು ಎಳೆದುಕೊಳ್ಳುತ್ತದೆಯೇ ಎಂಬುದು ಈ ಚಿತ್ರದ ಪ್ರಶ್ನೆ. ಅದು ಒಳ್ಳೆಯವನಾಗಿದ್ದೂ ಕಷ್ಟಗಳಿಗೆ ಗುರಿಯಾದ ಬೈಬಲ್ಲಿನ ಯೋಬನ ಪ್ರಶ್ನೆ. ಆ ಅರ್ಥದಲ್ಲಿ ರೀಗನ್ ಈ ಕಾಲದ ಸಂತಳು ಎಂಬುದು ಅವರ ಓದು. ಬೂರ್ಮನ್ ಅದನ್ನು ಸರಿಯಾಗಿ ಸಾಧಿಸದೆ ಇರಬಹುದು, ಆದರೂ ಮೊದಲನೆಯದಕ್ಕಿಂತ ಇದು ಮೇಲು ಎಂದೇ ಬಿಟ್ಟರು. ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ಸ್ಕಾರ್ಸೆಸಿ ಅವರಿಗೆ ಕಾಣಿಸಿದ್ದು ಚಿತ್ರ ಎತ್ತಿದ ಪ್ರಶ್ನೆ; ಟಿಕೆಟ್ ಕೊಂಡ ಜನರಿಗೆ ಕಾಣಿಸಿದ್ದು ಹಣೆಪಟ್ಟಿ ಮತ್ತು ಮಿಣುಕುದೀಪ.

ದುಡ್ಡಿನ ಲೆಕ್ಕದಲ್ಲಿ ಇದು ನೆಲಕಚ್ಚಿದ ಚಿತ್ರ ಎಂಬ ಮಾತು ಪೂರ್ತಿ ನಿಜವಲ್ಲ. ಮೊದಲ ಭಾಗದ ಹೆಸರಿನ ಬಲದಿಂದ ಆರಂಭದ ದಿನಗಳಲ್ಲಿ ಭರ್ಜರಿ ಗಳಿಕೆಯಾಯಿತು. ಆಮೇಲೆ ಬಾಯಿಮಾತು ತನ್ನ ಕೆಲಸ ಮಾಡಿತು. ಮೂರು ವಾರ ಮೊದಲಷ್ಟೇ ಬಂದಿದ್ದ ‘ಸ್ಟಾರ್ ವಾರ್ಸ್’ ಪಕ್ಕದಲ್ಲೇ ತುಂಬಿದ ಮಂದಿರಗಳಲ್ಲಿ ಓಡುತ್ತಿತ್ತು. ಅಮೆರಿಕದಲ್ಲಿ ಒಟ್ಟು ಗಳಿಕೆ 3 ಕೋಟಿ ಡಾಲರ್ ದಾಟಿತು. ಹೂಡಿದ್ದರ ಎರಡರಷ್ಟು ಬಂತಲ್ಲ ಎನ್ನಬೇಡಿ. ಟಿಕೆಟ್ಟಿನ ದುಡ್ಡಿನಲ್ಲಿ ಚಿತ್ರಮಂದಿರದವರ ಪಾಲು ಕಳೆದು, ಪ್ರಚಾರದ ಖರ್ಚು ಕಳೆದು ಉಳಿದದ್ದು ನಿರ್ಮಾಪಕರಿಗೆ.

ನಗು ಕೇಳಿದ ಬೂರ್ಮನ್ ಏನು ಮಾಡಿದರು? ಚಿತ್ರ ಓಡುತ್ತಿರುವಾಗಲೇ ಕತ್ತರಿ ಹಿಡಿದರು. ನಗು ಬಂದ ಕಡೆಗಳನ್ನು ಕತ್ತರಿಸಿ, ಅಂತ್ಯವನ್ನು ಬದಲಿಸಿ ಹೊಸ ಆವೃತ್ತಿ ಸಿದ್ಧಪಡಿಸಿದರು. ಈಗಿನ ಡಿಜಿಟಲ್ ಕಾಲದಲ್ಲಿ ಅದು ಒಂದು ರಾತ್ರಿಯ ಕೆಲಸ. ಆಗ ದೇಶದ ನೂರಾರು ಚಿತ್ರಮಂದಿರಗಳಿಗೆ ಹೋಗಿದ್ದ ಫಿಲಂ ಸುರುಳಿಗಳನ್ನು ಬದಲಿಸಬೇಕಿತ್ತು. ಅಷ್ಟರಲ್ಲಿ ನೋಡಬೇಕಾದವರು ನೋಡಿ, ನಗಬೇಕಾದಷ್ಟು ನಕ್ಕಿದ್ದರು.

ಹದಿಮೂರು ವರ್ಷಗಳ ಮೇಲೆ ಇದೇ ನಾಟಕದ ತಿರುವುಮುರುವು ನಡೆಯಿತು. ಬ್ಲಾಟಿ 1983ರಲ್ಲಿ ‘ಲೀಜನ್’ ಎಂಬ ಕಾದಂಬರಿ ಬರೆದಿದ್ದರು. ಪತ್ತೇದಾರ ಕಿಂಡರ್‌ಮನ್, ವರ್ಷಗಳ ಹಿಂದೆಯೇ ಸತ್ತ ಒಬ್ಬ ಸರಣಿ ಹಂತಕನ ಶೈಲಿಯಲ್ಲಿ ಮತ್ತೆ ನಡೆಯುವ ಕೊಲೆಗಳು, ಮನೋರೋಗಿಗಳ ವಾರ್ಡಿನ ಒಂದು ಕೋಣೆಯಲ್ಲಿ ಕ್ಯಾರಸ್‌ನಂತೆಯೇ ಕಾಣುವ ಒಬ್ಬ ಅನಾಮಿಕ. ಆ ಹಂತಕನ ಪಾತ್ರಕ್ಕೆ ಸ್ಫೂರ್ತಿ ಸಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಕೊಲೆಗಳನ್ನು ಮಾಡಿ ಸಿಕ್ಕಿಬೀಳದೇ ಹೋದ ‘ಝೋಡಿಯಾಕ್’. ಆ ಕೊಲೆಗಡುಕ 1974ರ ಜನವರಿಯಲ್ಲಿ ಪತ್ರಿಕೆಗೆ ಬರೆದ ಪತ್ರದಲ್ಲಿ, ತಾನು ಕಂಡ ಅತ್ಯುತ್ತಮ ವಿಡಂಬನೆ ‘ದಿ ಎಕ್ಸಾರ್ಸಿಸ್ಟ್’ ಎಂದು ಹೊಗಳಿದ್ದ. ವಿಮರ್ಶೆಗಳ ಇತಿಹಾಸದಲ್ಲಿ ಇಂಥ ಶಿಫಾರಸು ಬೇರೆ ಯಾವ ಚಿತ್ರಕ್ಕೂ ಸಿಕ್ಕಿರಲಾರದು.

ಈ ಕಾದಂಬರಿಯನ್ನು ‘ಎಕ್ಸಾರ್ಸಿಸ್ಟ್’ ಮೂರನೆಯ ಭಾಗವಾಗಿ ಬ್ಲಾಟಿ ತಾವೇ ನಿರ್ದೇಶಿಸಿದರು. ಮಾರ್ಗನ್ ಕ್ರೀಕ್ ಎಂಬ ಸಂಸ್ಥೆ ಹಣ ಹಾಕಿತು. ದಯವಿಟ್ಟು ಹೆಸರಿನಲ್ಲಿ ‘ಎಕ್ಸಾರ್ಸಿಸ್ಟ್’ ಬೇಡ, ಎರಡನೆಯ ಭಾಗದ ಕೆಟ್ಟ ಹೆಸರು ಇದಕ್ಕೂ ಅಂಟುತ್ತದೆ ಎಂದು ಬ್ಲಾಟಿ ಅಂಗಲಾಚಿದರು. ಸಂಸ್ಥೆ ಕೇಳಲಿಲ್ಲ, ಆ ಹೆಸರಿಗಾಗಿಯೇ ಅಲ್ಲವೇ ದುಡ್ಡು ಹಾಕಿದ್ದು? ಚಿತ್ರ ಮುಗಿದ ಮೇಲೆ ಹೊಳೆಯಿತು: ‘ಎಕ್ಸಾರ್ಸಿಸ್ಟ್’ ಎಂದು ಹೆಸರಿದೆ, ದೆವ್ವ ಬಿಡಿಸುವ ದೃಶ್ಯವೇ ಇಲ್ಲ! ಮದುವೆ ಕರೆಯೋಲೆ ಹಂಚಿದ ಮೇಲೆ ಮದುಮಗನನ್ನು ಹುಡುಕಿದ ಹಾಗೆ, ಸುಮಾರು 40 ಲಕ್ಷ ಡಾಲರ್ ಹೆಚ್ಚಿಗೆ ಸುರಿದು ಕೊನೆಯ ಭಾಗವನ್ನು ಮತ್ತೆ ಚಿತ್ರಿಸಿದರು. ನಿಕೋಲ್ ವಿಲಿಯಮ್ಸನ್ ನಟಿಸಿದ ಪಾದ್ರಿ ಮಾರ್ನಿಂಗ್ ಎಂಬ ಪಾತ್ರ ಎಲ್ಲಿಂದಲೋ ಬಂದು ಸೇರಿಕೊಂಡಿತು. ಕೋಣೆಯ ಅನಾಮಿಕನಾಗಿ ಬ್ರಾಡ್ ಡೂರಿಫ್ ಆಗಲೇ ನಟಿಸಿ ಮುಗಿಸಿದ್ದರು. ಮೊದಲ ಚಿತ್ರದ ಕ್ಯಾರಸ್, ಜೇಸನ್ ಮಿಲ್ಲರ್, ಬೇಕೇ ಬೇಕು ಎಂದಿತು ಸಂಸ್ಥೆ. ಕೊನೆಗೆ ಇಬ್ಬರೂ ಉಳಿದುಕೊಂಡರು: ಒಂದೇ ಕೋಣೆ, ಒಂದೇ ಮೈ, ಒಮ್ಮೆ ಮಿಲ್ಲರ್ ಮುಖ, ಮರುಕ್ಷಣ ಡೂರಿಫ್ ಮುಖ. ವಿಚಿತ್ರವೆಂದರೆ ಈ ರಾಜಿಯೇ ಚಿತ್ರದ ಅತ್ಯಂತ ಕಳವಳಕಾರಿ ಗುಣವಾಗಿದೆ. ಕೊನೆಯ ಗದ್ದಲದ ಬಗ್ಗೆ ಆ ಮಾತು ಹೇಳಲಾರೆ.

ಈ ಚಿತ್ರದ ಒಂದು ದೃಶ್ಯದ ಹತ್ತಿರ ಸ್ವಲ್ಪ ನಿಲ್ಲಬೇಕು. ರಾತ್ರಿ ಆಸ್ಪತ್ರೆಯ ಉದ್ದನೆಯ ಓಣಿ. ಕ್ಯಾಮೆರಾ ಓಣಿಯ ಈ ತುದಿಯಲ್ಲಿ ಕದಲದೆ ನಿಂತಿದೆ. ದೂರದಲ್ಲಿ ದಾದಿಯೊಬ್ಬಳು ಮೇಜಿನ ಬಳಿ ಕೆಲಸ ಮಾಡುತ್ತಾಳೆ, ಏನೋ ಸದ್ದಾಗಿ ಎದ್ದು ಹೋಗುತ್ತಾಳೆ. ಸದ್ದು ಲೋಟದಲ್ಲಿ ಬಿರಿದ ಮಂಜುಗಡ್ಡೆಯದು. ರೋಗಿಯೊಬ್ಬ ತಟ್ಟನೆ ಎದ್ದು ಗದರುತ್ತಾನೆ. ಪ್ರೇಕ್ಷಕ ಬೆಚ್ಚಿ, ಓ ಇಷ್ಟೇ ಎಂದು ಸಡಿಲಗೊಳ್ಳುತ್ತಾನೆ. ಕಾವಲುಗಾರ ಬರುತ್ತಾನೆ, ಹೋಗುತ್ತಾನೆ. ದಾದಿ ಇನ್ನೊಂದು ಕೋಣೆಯನ್ನು ನೋಡಿ, ಬಾಗಿಲು ಹಾಕಿ, ನೆಮ್ಮದಿಯಿಂದ ನಡೆಯುತ್ತಾಳೆ. ಆಗ ಅವಳ ಬೆನ್ನ ಹಿಂದಿನ ಬಾಗಿಲಿನಿಂದ ಬಿಳಿಯ ಹೊದಿಕೆಯ ಆಕೃತಿಯೊಂದು ದೊಡ್ಡ ಕತ್ತರಿ ಚಾಚಿ ದಾಪುಗಾಲಿಡುತ್ತದೆ. ಕ್ಯಾಮೆರಾ ಒಮ್ಮೆಲೇ ಮುನ್ನುಗ್ಗುತ್ತದೆ. ಮುಂದಿನ ಚಿತ್ರಿಕೆ ತಲೆಯಿಲ್ಲದ ಒಂದು ವಿಗ್ರಹ. ರಕ್ತ ಒಂದು ಹನಿಯೂ ಕಾಣಿಸುವುದಿಲ್ಲ. ಇದರ ಗುಟ್ಟು ಕತ್ತರಿಯಲ್ಲಿಲ್ಲ, ಅದಕ್ಕೆ ಮುಂಚಿನ ನಿಮಿಷಗಳ ಬೇಸರದಲ್ಲಿದೆ. ಏನೂ ಆಗುತ್ತಿಲ್ಲ ಎಂದು ನಮ್ಮನ್ನು ಒಪ್ಪಿಸಿದ ಮೇಲೆಯೇ ಏನೋ ಆಗುತ್ತದೆ. ಮೊದಲ ಚಿತ್ರದ ಯಾವ ದೃಶ್ಯವನ್ನೂ ಇದು ನಕಲು ಮಾಡಿಲ್ಲ ಎಂಬುದನ್ನು ಗಮನಿಸಬೇಕು.

1990ರ ಆಗಸ್ಟಿನಲ್ಲಿ ಚಿತ್ರ ಬಂತು. ವಿಮರ್ಶಕರು ಎರಡು ಪಾಲಾದರು. ಕಿಂಡರ್‌ಮನ್ ಪಾತ್ರ ಮಾಡಿದ ಜಾರ್ಜ್ ಸಿ. ಸ್ಕಾಟ್ ಅವರನ್ನು ವರ್ಷದ ಕೆಟ್ಟ ನಟರ ‘ರಾಜ಼ಿ’ ಪಟ್ಟಿಗೆ ಸೇರಿಸಿದರು, ಬರವಣಿಗೆಗಾಗಿ ಬ್ಲಾಟಿ ಅವರಿಗೆ ‘ಸ್ಯಾಟರ್ನ್’ ಪ್ರಶಸ್ತಿ ಕೊಟ್ಟರು. ಒಂದೇ ಚಿತ್ರ, ಒಂದೇ ವರ್ಷ. ನಿಧಾನವಾಗಿ ವಿಡಿಯೊ ಕ್ಯಾಸೆಟ್ಟುಗಳ ಮೂಲಕ ಅದಕ್ಕೆ ಹೊಸ ಅಭಿಮಾನಿಗಳು ಹುಟ್ಟಿದರು, ಬ್ಲಾಟಿ ಮೊದಲು ಮಾಡಿದ ಆವೃತ್ತಿ ಎಲ್ಲಿದೆ ಎಂದು ಕೇಳತೊಡಗಿದರು. ಕತ್ತರಿಸಿ ತೆಗೆದ ಮೂಲ ಫಿಲಂ ಸಿಗಲಿಲ್ಲ. ಕೊನೆಗೆ 2016ರಲ್ಲಿ, ಚಿತ್ರೀಕರಣದ ದಿನಗಳ ಮಸುಕಾದ ವಿಎಚ್‌ಎಸ್ ಟೇಪುಗಳಿಂದ ಹೆಕ್ಕಿದ ತುಣುಕುಗಳನ್ನು ಸೇರಿಸಿ ‘ಲೀಜನ್’ ಆವೃತ್ತಿಯನ್ನು ಡಿಸ್ಕ್‌ನಲ್ಲಿ ತಂದರು. ಸ್ವಚ್ಛ ದೃಶ್ಯದ ನಡುವೆ ಇದ್ದಕ್ಕಿದ್ದಂತೆ ಹಳೆಯ ಟಿವಿಯಂಥ ಮಬ್ಬು ಕವಿಯುತ್ತದೆ. ಮರುವರ್ಷದ ಜನವರಿಯಲ್ಲಿ ಬ್ಲಾಟಿ ತೀರಿಕೊಂಡರು.

ಮಾರ್ಗನ್ ಕ್ರೀಕ್ ಸಂಸ್ಥೆ ಆ ಪಾಠವನ್ನು ಕಲಿತಿರಬಹುದು ಎಂದುಕೊಂಡರೆ ಇಲ್ಲ. ಮೆರಿನ್‌ನ ಯೌವನದ ಕಥೆಯನ್ನು ನಿರ್ದೇಶಕ ಪಾಲ್ ಶ್ರೇಡರ್ ಅವರಿಂದ ಪೂರ್ತಿ ಮಾಡಿಸಿ, ಭಯ ಸಾಲದು ಎಂದು ಮೂಲೆಗೆ ಹಾಕಿ, ಮೆರಿನ್ ಪಾತ್ರಕ್ಕೆ ಅದೇ ನಟ ಸ್ಟೆಲನ್ ಸ್ಕಾರ್ಸ್‌ಗಾರ್ಡ್ ಅವರನ್ನು ಇಟ್ಟುಕೊಂಡು ರೆನ್ನಿ ಹಾರ್ಲಿನ್ ಅವರಿಂದ ಬಹುಪಾಲು ಹೊಸದಾಗಿ ತೆಗೆಸಿತು. ಹಾರ್ಲಿನ್ ಚಿತ್ರ 2004ರಲ್ಲಿ ಬಂದು ಬೈಸಿಕೊಂಡಿತು. ಮೂಲೆಗೆ ಹಾಕಿದ್ದನ್ನು 2005ರಲ್ಲಿ ಧೂಳು ಕೊಡವಿ ಹೊರಗೆ ತರಬೇಕಾಯಿತು. ಒಂದೇ ಕಥೆಗೆ ಎರಡು ಸಿನಿಮಾಗಳ ಖರ್ಚು.

2023ರ ‘ಎಕ್ಸಾರ್ಸಿಸ್ಟ್: ಬಿಲೀವರ್’ ನಡುವಿನ ಎಲ್ಲ ಭಾಗಗಳೂ ನಡೆದೇ ಇಲ್ಲವೆಂಬಂತೆ ನೇರವಾಗಿ 1973ಕ್ಕೆ ಗಂಟು ಹಾಕಿಕೊಂಡಿತು. ಎರಡನೆಯ ಭಾಗಕ್ಕೆ ಒಲ್ಲೆನೆಂದಿದ್ದ ಎಲೆನ್ ಬರ್ಸ್ಟಿನ್ ಮೊದಲ ಚಿತ್ರದ ಐವತ್ತು ವರ್ಷಗಳ ಮೇಲೆ ತಾಯಿಯ ಪಾತ್ರಕ್ಕೆ ಮರಳಿದರು. ವಿಮರ್ಶಕರು ಆಗಲೂ ಕರುಣೆ ತೋರಲಿಲ್ಲ. ಅಂದಹಾಗೆ, ಅಕ್ಟೋಬರ್ 13ರ ಶುಕ್ರವಾರಕ್ಕೆ ಗೊತ್ತಾಗಿದ್ದ ಬಿಡುಗಡೆಯನ್ನು ಒಂದು ವಾರ ಮೊದಲೇ ಮಾಡಿಕೊಂಡರು. ಆ ಶುಕ್ರವಾರವೇ ಗಾಯಕಿ ಟೇಲರ್ ಸ್ವಿಫ್ಟ್ ಅವರ ಸಂಗೀತ ಕಛೇರಿಯ ಚಿತ್ರ ಬರುವುದಿತ್ತು. ಪಿಶಾಚಿ ದಾರಿ ಬಿಟ್ಟುಕೊಟ್ಟಿತು.

ಬೂರ್ಮನ್ ಕತ್ತರಿ ಹಾಕಿದ ಆ ಎರಡನೆಯ ಭಾಗಕ್ಕೆ ಏನಾಯಿತು? ಈಗ ಮನೆಯಲ್ಲಿ ಕೂತು ನೋಡಲು ಹೊರಟವರಿಗೆ ಸಾಮಾನ್ಯವಾಗಿ ಸಿಗುವುದು 117 ನಿಮಿಷಗಳ ಮೊದಲ ಆವೃತ್ತಿ, ಅಂದರೆ 1977ರ ಜೂನ್‌ನಲ್ಲಿ ಜನ ನಕ್ಕದ್ದು. ನಗು ತಪ್ಪಿಸಲೆಂದು ತಿದ್ದಿದ ಆವೃತ್ತಿಯನ್ನು ಕುತೂಹಲಿಗಳು ಹುಡುಕಿಕೊಂಡು ಹೋಗಿ ನೋಡುತ್ತಾರೆ.